ಮನೆ ಲೀಸ್‌ಗೆ ಕೊಡಲೋ, ನಾನೇ ಹೋಮ್‌ಸ್ಟೇ ನಡೆಸಲೋ? ಮಡಿಕೇರಿ ಹತ್ತಿರದ ಮನೆ, ಸಲಹೆ ಬೇಕು

ಮಂಜಿನಮನೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಿದ್ದೆ ಅಷ್ಟೇ, ಬರೆಯುವುದು ಇದೇ ಮೊದಲು.

ನಮ್ಮ ಮನೆ ಮಡಿಕೇರಿಯಿಂದ ಗಾಳಿಬೀಡು ಕಡೆಗೆ ಹೋಗುವ ದಾರಿಯಲ್ಲಿದೆ. ಮೂರು ಎಕರೆ ಕಾಫಿ, ನಡುವೆ ಮನೆ. ನನ್ನ ಯಜಮಾನರು ತೀರಿಕೊಂಡು ಎರಡು ವರ್ಷ ಆಯಿತು. ಈಗ ಮನೆಯಲ್ಲಿ ಇರುವುದು ನಾನು, ಅತ್ತೆ, ಹದಿನೈದು ವರ್ಷದ ಮಗಳು. ಮೇಲೆ ಎರಡು ರೂಮು ಖಾಲಿ ಇದೆ. ಹೊರಗೆ ಒಂದು ಚಿಕ್ಕ ಔಟ್‌ಹೌಸ್ ಇದೆ.

ಇವರು ಇದ್ದಾಗ ರಜೆ ದಿನಗಳಲ್ಲಿ ಪರಿಚಯದವರು, ಅವರ ಪರಿಚಯದವರು ಬಂದು ಉಳಿಯುತ್ತಿದ್ದರು. ಅಡುಗೆ, ಹಾಸಿಗೆ, ಬಿಸಿನೀರು, ಬೆಳಗ್ಗೆ ಆರಕ್ಕೆ ಕಾಫಿ ಎಲ್ಲ ನಾನೇ. ದುಡ್ಡು ಇವರ ಅಕೌಂಟಿಗೆ ಹೋಗುತ್ತಿತ್ತು. ಆಗ ಅದು ತಪ್ಪು ಅಂತ ಅನ್ನಿಸಿರಲಿಲ್ಲ. ಈಗ ಬ್ಯಾಂಕಿಗೆ ಹೋಗಿ ಸಾಲ ಕೇಳಿದರೆ, "ನಿಮ್ಮ ಹೆಸರಲ್ಲಿ ಏನಿದೆ?" ಅಂತ ಕೇಳಿದರು. ಹೇಳಲು ಏನೂ ಇರಲಿಲ್ಲ.

ಹೋದ ತಿಂಗಳು ಬೆಂಗಳೂರಿನಿಂದ ಒಬ್ಬರು ಬಂದಿದ್ದರು. 5 ವರ್ಷ ಲೀಸ್, ತಿಂಗಳಿಗೆ 40,000, ಅಡ್ವಾನ್ಸ್ 3 ಲಕ್ಷ. ತೋಟದ ಅಂಚಿನಲ್ಲಿ ನಾಲ್ಕು ಟೆಂಟ್ ಹಾಕುತ್ತಾರಂತೆ. ಹೋಮ್‌ಸ್ಟೇ ಲೈಸೆನ್ಸ್ ನನ್ನ ಹೆಸರಲ್ಲೇ ಮಾಡಿಸಿ ಅವರು ನಡೆಸುತ್ತಾರಂತೆ. ನಾವು ಮೂವರು ಔಟ್‌ಹೌಸಿಗೆ ಹೋಗಬೇಕು. ಮೈದುನ "ಕೊಟ್ಟುಬಿಡಿ ಅತ್ತಿಗೆ, ಒಬ್ಬರೇ ಯಾಕೆ ಒದ್ದಾಡುತ್ತೀರಿ" ಎನ್ನುತ್ತಾನೆ. ಕೆಟ್ಟ ಮನಸ್ಸಿನಿಂದ ಹೇಳುವುದಲ್ಲ. ನನಗೂ ರಾತ್ರಿ ಹೊತ್ತು ಹಾಗೇ ಅನ್ನಿಸುತ್ತದೆ. ಬೆಳಗ್ಗೆ ಎದ್ದರೆ ಬೇಡ ಅನ್ನಿಸುತ್ತದೆ.

ಈ ಕೆಲಸ ಮಾಡಿ ಗೊತ್ತಿರುವ ಅಕ್ಕ ತಂಗಿಯರು ದಯವಿಟ್ಟು ಹೇಳಿ.

ಕುಶಾಲನಗರದಕ್ಕ:

ಲೈಸೆನ್ಸ್ ನಿಮ್ಮ ಹೆಸರಲ್ಲಿ, ನಡೆಸುವುದು ಅವರು. ಈ ಒಂದು ಮಾತಿಗೇ ಬೇಡ ಅನ್ನಿ. ಅಲ್ಲಿ ಏನಾದರೂ ಗಲಾಟೆ ಆಗಿ ಪೊಲೀಸರು ಬಂದರೆ ಮೊದಲು ಕೇಳುವುದು ಲೈಸೆನ್ಸ್ ಯಾರದ್ದು ಅಂತ. ಅವರು ಬೆಂಗಳೂರಿನಲ್ಲಿ ಇರುತ್ತಾರೆ. ನೀವು ಮಗಳನ್ನು ಕರೆದುಕೊಂಡು ಸ್ಟೇಷನ್ ಮೆಟ್ಟಿಲು ಹತ್ತಬೇಕು.

ಕಿತ್ತಳೆತೋಟ:

ತಂಗಿ, ನಾನು ಕಕ್ಕಬ್ಬೆ ಕಡೆಯವಳು. ಇಪ್ಪತ್ತು ವರ್ಷದ ಮೇಲಾಯಿತು ಈ ಕೆಲಸ ಶುರು ಮಾಡಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

2000ದ ಆಚೀಚೆ ಕಾಫಿ ದರ ನೆಲಕಚ್ಚಿತು. ಕುಯ್ಲಿನ ಕೂಲಿಗೂ ಸಾಲದ ಹಾಗೆ ಆಯಿತು. ಆಗಲೇ ಕೊಡಗಿನ ಎಷ್ಟೋ ಮನೆಯವರು ಒಂದು ರೂಮು, ಎರಡು ರೂಮು ಬಿಡಿಸಿ ನೆಂಟರಲ್ಲದವರನ್ನೂ ಉಳಿಸಿಕೊಳ್ಳಲು ಶುರು ಮಾಡಿದ್ದು. ನಮ್ಮಲ್ಲಿ ಅತಿಥಿಗೆ ಊಟ ಹಾಕಿ ದುಡ್ಡು ತೆಗೆದುಕೊಳ್ಳುವುದು ಅಂದರೆ ನಾಚಿಕೆ ಇತ್ತು. ನಮ್ಮತ್ತೆ ಮೊದಲ ವರ್ಷ ದುಡ್ಡನ್ನು ಕೈಯಲ್ಲಿ ಮುಟ್ಟಲಿಲ್ಲ, ಮೇಜಿನ ಮೇಲೆ ಇಟ್ಟು ಹೋಗಿ ಎನ್ನುತ್ತಿದ್ದರು.

ಜನ ಬರುವುದು ಗುಡ್ಡ ನೋಡಲು. ಎರಡನೇ ಸಲ ಬರುವುದು ಊಟಕ್ಕೆ, ಮಾತಿಗೆ. ಕಡಂಬುಟ್ಟು, ಪಂದಿಕರಿ, ನೂಪುಟ್ಟು, ಮಳೆಗಾಲದಲ್ಲಿ ಬೈಂಬಳೆ. ಹುಳಿಗೆ ಹಾಕುವ ಕಾಚಂಪುಳಿಯನ್ನು ಮಾತ್ರ ಅಂಗಡಿಯಿಂದ ತರಬೇಡಿ, ಗೊತ್ತಿರುವವರು ಕಾಯಿಸಿದ್ದನ್ನೇ ತನ್ನಿ. ಅದರಲ್ಲೇ ರುಚಿ ಇರುವುದು. ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತೇನೆ. ಅದಕ್ಕೆಂದೇ ಮಳೆಯಲ್ಲಿ ಬರುವ ಎರಡು ಕುಟುಂಬ ಇವೆ. ಇದನ್ನೆಲ್ಲ ಲೀಸಿಗೆ ತೆಗೆದುಕೊಂಡವರು ಕೊಡಲು ಆಗುವುದಿಲ್ಲ. ಅವರು ಕ್ಯಾಂಪ್‌ಫೈರ್ ಮತ್ತು ಸ್ಪೀಕರ್ ಕೊಡುತ್ತಾರೆ. ನಿಮ್ಮ ಕೈಯಲ್ಲಿ ಇರುವುದರ ಬೆಲೆ ನಿಮಗೆ ಗೊತ್ತಿರಲಿ.

ಈಗ ಕಷ್ಟದ ಮಾತು. ನನಗೂ ಮೊದಲ ಹನ್ನೆರಡು ವರ್ಷ ಬೋರ್ಡಿನಲ್ಲಿ, ಬ್ಯಾಂಕಿನಲ್ಲಿ, ಲೈಸೆನ್ಸಿನಲ್ಲಿ ಎಲ್ಲೂ ಹೆಸರಿರಲಿಲ್ಲ. ಯಾರೂ ಮೋಸ ಮಾಡಿದ್ದಲ್ಲ. ಯಾರೂ ಯೋಚನೆ ಮಾಡಿರಲಿಲ್ಲ, ಅಷ್ಟೇ. ಯಜಮಾನರಿಗೆ ಹುಷಾರಿಲ್ಲದೆ ಮಂಗಳೂರಿನ ಆಸ್ಪತ್ರೆಯಲ್ಲಿ ಇದ್ದಾಗ ನನ್ನದೇ ಅತಿಥಿಗಳು ಕಳಿಸಿದ ದುಡ್ಡು ತೆಗೆಯಲು ನನಗೆ ಆಗಲಿಲ್ಲ. ಆ ದಿನ ಅತ್ತುಬಿಟ್ಟೆ. ಅವರು ಗುಣವಾಗಿ ಬಂದ ಮೇಲೆ ನಾವಿಬ್ಬರೇ ಹೋಗಿ ಎಲ್ಲವನ್ನೂ ಬದಲಾಯಿಸಿದೆವು. ಆದ್ದರಿಂದ ರೂಮಿಗೆ ಬಣ್ಣ ಹೊಡೆಸುವ ಮೊದಲು ಕಾಗದದಲ್ಲಿ ನಿಮ್ಮ ಹೆಸರು ಬರಲಿ. ಲೀಸೋ ಹೋಮ್‌ಸ್ಟೇಯೋ ಆಮೇಲೆ ನೋಡೋಣ.

ಮಂಜಿನಮನೆ:

ಅಕ್ಕ, ಓದಿ ಕಣ್ಣು ತುಂಬಿತು. ಜಾಗದ ಆರ್‌ಟಿಸಿ (ಪಹಣಿ) ಇನ್ನೂ ಮಾವನ ಹೆಸರಲ್ಲಿದೆ. ಮಾವ ತೀರಿಕೊಂಡು ಆರು ವರ್ಷ. ಮನೆ ಕಟ್ಟಿದ್ದು ನಮ್ಮ ಯಜಮಾನರು, ಅವರ ಸಂಬಳದಿಂದ, ಸಾಲ ಮಾಡಿ. ಮನೆ ನಮ್ಮದೇ ತಾನೇ ಅಂದುಕೊಂಡಿದ್ದೆ.

ವಿರಾಜಪೇಟೆ ವಕೀಲೆ:

ನಿಲ್ಲಿ. ಇಲ್ಲಿ ಸರಿಯಾಗಿ ಲೆಕ್ಕ ಹಾಕೋಣ. ಮೂರು ಪ್ರಶ್ನೆ. ಮಾವ ವಿಲ್ ಬರೆದಿದ್ದಾರಾ? ಜಾಗ ಅವರು ಕೊಂಡದ್ದಾ, ತಲೆಮಾರುಗಳಿಂದ ಇಡೀ ಮನೆತನಕ್ಕೆ ಸೇರಿದ ಜಮ್ಮಾ ಜಾಗವಾ? ಮಾವನಿಗೆ ಎಷ್ಟು ಮಕ್ಕಳು?

ಮಂಜಿನಮನೆ:

ವಿಲ್ ಇಲ್ಲ. ಮಾವ ಕೊಂಡ ಜಾಗ, ಜಮ್ಮಾ ಅಲ್ಲ. ಇಬ್ಬರು ಗಂಡುಮಕ್ಕಳು, ಒಬ್ಬಳು ನಾದಿನಿ. ಅವಳನ್ನು ಸುಳ್ಯಕ್ಕೆ ಮದುವೆ ಮಾಡಿಕೊಟ್ಟಾಗಿದೆ.

ವಿರಾಜಪೇಟೆ ವಕೀಲೆ:

ಮದುವೆ ಮಾಡಿಕೊಟ್ಟರೆ ಪಾಲು ಹೋಗುವುದಿಲ್ಲ. ಅಪ್ಪ ಸ್ವಂತ ದುಡ್ಡಿನಲ್ಲಿ ಕೊಂಡು, ವಿಲ್ ಇಲ್ಲದೆ ತೀರಿಕೊಂಡರೆ ಮಗಳಿಗೂ ಮಗನಷ್ಟೇ ಪಾಲು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಪಿತ್ರಾರ್ಜಿತ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಬಂದದ್ದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ನಿಮ್ಮದು ಅದಲ್ಲ, ಇನ್ನೂ ಸರಳ.

ಮಾವನ ಜಾಗ ನಾಲ್ಕು ಪಾಲು: ಅತ್ತೆಗೆ ಒಂದು, ನಿಮ್ಮ ಯಜಮಾನರಿಗೆ ಒಂದು, ಮೈದುನನಿಗೆ ಒಂದು, ನಾದಿನಿಗೆ ಒಂದು. ಆಮೇಲೆ ನಿಮ್ಮ ಯಜಮಾನರು ತೀರಿಕೊಂಡರು. ಅವರ ಕಾಲು ಪಾಲು ಮೂರು ಜನಕ್ಕೆ ಸಮ: ನಿಮಗೆ, ಮಗಳಿಗೆ, ಅವರ ತಾಯಿಗೆ. ಅಂದರೆ ಒಟ್ಟು ಜಾಗದಲ್ಲಿ ನಿಮಗೆ ಹನ್ನೆರಡರಲ್ಲಿ ಒಂದು. ಮಗಳಿಗೆ ಹನ್ನೆರಡರಲ್ಲಿ ಒಂದು. ಅತ್ತೆಗೆ ಹನ್ನೆರಡರಲ್ಲಿ ನಾಲ್ಕು. ಮನೆ ಕಟ್ಟಿದ ಸಾಲದ ಕಾಗದ, ಬಿಲ್ಲುಗಳನ್ನು ಜೋಪಾನವಾಗಿ ಇಡಿ, ಪಾಲಾಗುವಾಗ ಮಾತಾಡಲು ಬೇಕು. ಆದರೆ ಮನೆ ನಿಂತಿರುವ ನೆಲ ಇವತ್ತಿಗೆ ಎಲ್ಲರದ್ದು.

ಇನ್ನೊಂದು. ಮಗಳಿಗೆ ಹದಿನೈದು. ಅಪ್ರಾಪ್ತ ಮಕ್ಕಳ ಪಾಲನ್ನು ಅವರಿಗೆ ಹದಿನೆಂಟು ತುಂಬಿ ಒಂದು ವರ್ಷಕ್ಕಿಂತ ಆಚೆಗೆ ಹೋಗುವ ಹಾಗೆ ಲೀಸ್ ಮಾಡಬೇಕಾದರೆ ತಾಯಿಯಾದರೂ ಕೋರ್ಟಿನ ಅನುಮತಿ ಬೇಕು. 5 ವರ್ಷ ಅಂದರೆ ಅವಳಿಗೆ ಇಪ್ಪತ್ತು. ಹಾಗಾಗಿ ಆ ಬೆಂಗಳೂರಿನವರು ಕೇಳಿದ ಲೀಸನ್ನು ನೀವೊಬ್ಬರೇ ಸಹಿ ಹಾಕಿ ಕೊಡಲು ಬರುವುದೇ ಇಲ್ಲ. ಒಂದು ವರ್ಷ ಮೀರಿದ ಲೀಸ್ ನೋಂದಣಿಯೂ ಆಗಬೇಕು. ಸುಮ್ನೆ ಸ್ಟಾಂಪ್ ಪೇಪರಿನಲ್ಲಿ ಬರೆದುಕೊಡಿ ಅಂದರೆ ಬೇಡ ಅನ್ನಿ.

ಮಂಜಿನಮನೆ:

ಹನ್ನೆರಡರಲ್ಲಿ ಒಂದು. ಹದಿನೇಳು ವರ್ಷ ಈ ಮನೆಯ ನೆಲ ಒರೆಸಿದ್ದೇನೆ.

ಸ್ವಲ್ಪ ಹೊತ್ತು ಬಿಟ್ಟು ಬರುತ್ತೇನೆ.

ಸೋಮವಾರಪೇಟೆ ಟೀಚರ್:

ಧೈರ್ಯ ಕಳೆದುಕೊಳ್ಳಬೇಡಿ. ಎಲ್ಲರೂ ಒಪ್ಪಿದರೆ ಮನೆಯ ಭಾಗ ನಿಮಗೂ ಮಗಳಿಗೂ ಬರುವ ಹಾಗೆ ಪಾಲುಪಟ್ಟಿ ಮಾಡಿಸಬಹುದು. ಅತ್ತೆ ತಮ್ಮ ಪಾಲನ್ನು ನಿಮಗೆ ಕೊಡಬೇಕು ಅಂದುಕೊಂಡರೆ ದಾನಪತ್ರ ಮಾಡಬಹುದು. ನಮ್ಮ ಮನೆಯಲ್ಲಿ ಹಾಗೇ ಆಯಿತು. ಯಾರೂ ಕೋರ್ಟಿಗೆ ಹೋಗಲಿಲ್ಲ. ಆದರೆ ಮೊದಲು ಮಾತಾಡಬೇಕು, ಅದೇ ಕಷ್ಟ.

ಕಾಳುಮೆಣಸು:

ಜಮ್ಮಾ ಜಾಗದವರಿಗೆ ಇದಕ್ಕಿಂತ ದೊಡ್ಡ ತಲೆನೋವು. ನಮ್ಮ ಆರ್‌ಟಿಸಿಯಲ್ಲಿ ಒಕ್ಕದ (ಮನೆತನದ) ಹಿರಿಯ ಪಟ್ಟೆದಾರರ ಹೆಸರು, ಅದರ ಜೊತೆ ಒಕ್ಕದ ಎಷ್ಟೋ ಜನರ ಹೆಸರು. ಕೆಲವರು ತೀರಿಹೋಗಿದ್ದಾರೆ, ಕೆಲವರು ಯಾವ ದೇಶದಲ್ಲಿದ್ದಾರೋ. ನಾನು ಮನೆ ರಿಪೇರಿಗೆ ಸಾಲ ಕೇಳಿದಾಗ ಎಲ್ಲರ ಒಪ್ಪಿಗೆ ತನ್ನಿ ಅಂದರು. ಮನೆ ನೋಡಿಕೊಳ್ಳುವವಳು ನಾನು, ಒಕ್ಕದ ಮೂಲಮನೆ ಐನ್‌ಮನೆಯಲ್ಲಿ ದೀಪ ಹಚ್ಚುವವಳು ನಾನು. ಕಾಗದದಲ್ಲಿ ನನ್ನ ಹೆಸರು ಹುಡುಕಿದರೂ ಇಲ್ಲ. ಮಂಜಿನಮನೆಯವರೇ, ನಿಮ್ಮದು ಬಿಡಿಸಬಹುದಾದ ಗಂಟು. ಈಗಲೇ ಬಿಡಿಸಿ.

ಮಕ್ಕಂದೂರು:

ದುಡ್ಡಿನ ಮಾತು ಯಾರೂ ಎತ್ತಿಲ್ಲ, ನಾನು ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ನಮ್ಮ ಕಡೆ ಮಳೆಗೆ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ಗೊತ್ತು. ನಮ್ಮ ಮನೆ ಉಳಿಯಿತು, ರಸ್ತೆ ಉಳಿಯಲಿಲ್ಲ. ಬುಕ್ಕಿಂಗ್ ಎಲ್ಲ ಹೋಯಿತು. ಮರುವರ್ಷ ಮತ್ತೆ ಮಳೆ. 2020ರಲ್ಲಿ ಲಾಕ್‌ಡೌನ್. ಮೂರು ವರ್ಷ ರೂಮು ಖಾಲಿ, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಹೋಮ್‌ಸ್ಟೇ ಮಾಡಬೇಡಿ ಅನ್ನುವುದಿಲ್ಲ. ಸಾಲ ಮಾಡಿ ಮಾಡಬೇಡಿ. ಇರುವ ಎರಡು ರೂಮಿನಲ್ಲೇ ಶುರು ಮಾಡಿ. ಟೆಂಟಿಗೆ ಅಂತ ಗುಡ್ಡದ ಅಂಚು ಕಡಿಯಲು ಮಾತ್ರ ಯಾರಿಗೂ ಬಿಡಬೇಡಿ. ಕಡಿದ ಮಣ್ಣು ಮಳೆಗೆ ಹೇಗೆ ಇಳಿಯುತ್ತದೆ ಅಂತ ನಾವು ಕಣ್ಣಾರೆ ನೋಡಿದ್ದೇವೆ.

ಕುಶಾಲನಗರದಕ್ಕ:

ಅದಕ್ಕೇ ನಾನು ಬಾಡಿಗೆ ಮನೆ ಪರ. ನನಗೆ ಮೂರು ಚಿಕ್ಕ ಮನೆ ಇದೆ. ಅಪ್ಪ ಕೊಟ್ಟ ಸೈಟಿನಲ್ಲಿ ಒಂದೊಂದಾಗಿ ಕಟ್ಟಿಸಿದ್ದು. ತಿಂಗಳ ಐದನೇ ತಾರೀಕು ದುಡ್ಡು ಬರುತ್ತದೆ, ಮಳೆ ಬರಲಿ ಬಿಸಿಲು ಬರಲಿ. ಮೂರಕ್ಕೂ ಬೇರೆ ಬೇರೆ ಕರೆಂಟ್ ಮೀಟರ್ ಹಾಕಿಸಿದ್ದೇನೆ. ಅರ್ಧ ಜಗಳ ಅದರಿಂದಲೇ ಇಲ್ಲದಾಯಿತು. 11 ತಿಂಗಳ ಕರಾರು, ಆಧಾರ್ ಪ್ರತಿ, ಒಳಗೆ ಹೋಗುವ ದಿನವೇ ಗೋಡೆ, ನಲ್ಲಿ, ಸ್ವಿಚ್ ಎಲ್ಲದರ ಫೋಟೋ. ಬಾಡಿಗೆ ಕೇಳಲು ಬಂದವರು "ಸಾರ್ ಇಲ್ವಾ?" ಅಂದರೆ "ಮನೆ ನನ್ನದು, ನನ್ನ ಹತ್ತಿರ ಮಾತಾಡಿ" ಎನ್ನುತ್ತೇನೆ. ಮೊದಮೊದಲು ಗಂಟಲು ಕಟ್ಟುತ್ತಿತ್ತು. ಈಗ ಇಲ್ಲ.

ನಿಮ್ಮ ಔಟ್‌ಹೌಸ್ ಯಾರಾದರೂ ನರ್ಸ್‌ಗೆ ಬಾಡಿಗೆಗೆ ಕೊಡಿ. 2016ರಲ್ಲಿ ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಮನೆ ಕೇಳುವವರು ಜಾಸ್ತಿ ಇದ್ದಾರೆ. ಬಸ್ ಸೌಕರ್ಯ ಇದ್ದರೆ ಸಾಕು.

ಸೋಮವಾರಪೇಟೆ ಟೀಚರ್:

ಇದು ಒಳ್ಳೆ ಯೋಚನೆ. ರಾತ್ರಿ ಮನೆ ಹತ್ತಿರ ಇನ್ನೊಂದು ದೀಪವೂ ಇರುತ್ತದೆ.

ಪಕ್ಕದ್ಮನೆ:

ನಾನು ಹೋಮ್‌ಸ್ಟೇ ನಡೆಸುವವಳಲ್ಲ, ಹೋಮ್‌ಸ್ಟೇ ಪಕ್ಕದಲ್ಲಿ ಇರುವವಳು. ನಮ್ಮ ಹತ್ತಿರ ಒಂದನ್ನು ಹೊರಗಿನವರು ಲೀಸಿಗೆ ತೆಗೆದುಕೊಂಡು ನಡೆಸುತ್ತಿದ್ದಾರೆ. ಶನಿವಾರ ರಾತ್ರಿ ಎರಡು ಗಂಟೆವರೆಗೆ ಹಾಡು. ಬೆಳಗ್ಗೆ ತೋಡಿನಲ್ಲಿ ಬಾಟಲಿ. ಬೇಸಿಗೆಯಲ್ಲಿ ಅವರ ಬೋರ್‌ವೆಲ್ ಓಡುತ್ತಲೇ ಇರುತ್ತದೆ, ನಮ್ಮ ಬಾವಿ ತಳ ಕಾಣುತ್ತದೆ. ಯಾರಿಗೆ ಹೇಳುವುದು? ಮಾಲೀಕರು ಅಲ್ಲಿಲ್ಲ. ನಡೆಸುವ ಹುಡುಗರು ಆರು ತಿಂಗಳಿಗೆ ಬದಲಾಗುತ್ತಾರೆ. ಮನೆಯವರೇ ಇದ್ದು ನಡೆಸುವ ಇನ್ನೊಂದು ಮನೆ ಅದೇ ರಸ್ತೆಯಲ್ಲಿದೆ. ಅಲ್ಲಿಂದ ಒಂದು ದಿನವೂ ತೊಂದರೆ ಆಗಿಲ್ಲ. ಕೊಡುವ ಮೊದಲು ನಿಮ್ಮ ಅಕ್ಕಪಕ್ಕದವರನ್ನೂ ನೆನೆಸಿಕೊಳ್ಳಿ.

ಕಿತ್ತಳೆತೋಟ:

ಇವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಹೋಮ್‌ಸ್ಟೇ ಅಂದರೆ ಮಾಲೀಕರು ಅಲ್ಲೇ ವಾಸ ಇರಬೇಕು, ಖಾಲಿ ಇರುವ ಬೆರಳೆಣಿಕೆಯ ರೂಮು ಕೊಡಬೇಕು. ಮನೆಯವರು ಇಲ್ಲದಿದ್ದರೆ ಅದು ಲಾಡ್ಜ್.

ಮೈಸೂರಿನ ಮಗಳು:

ನನ್ನ ಅಮ್ಮ ಭಾಗಮಂಡಲದ ಹತ್ತಿರ ಎರಡು ರೂಮು ನಡೆಸುತ್ತಾರೆ, ಒಬ್ಬರೇ. ವಯಸ್ಸು ಅರವತ್ತಮೂರು. ನಾನು ಮೈಸೂರಿನಲ್ಲಿ ಕುಳಿತು ಫೋನ್ ನೋಡಿಕೊಳ್ಳುತ್ತೇನೆ. ಹೆಂಗಸರು ಒಬ್ಬರೇ ನಡೆಸುವಾಗ ಹೆದರಿಕೆ ಇರುತ್ತದೆ, ಇಲ್ಲ ಅನ್ನುವುದಿಲ್ಲ. ನಾವು ಮಾಡಿಕೊಂಡ ಪದ್ಧತಿ ಹೇಳುತ್ತೇನೆ.

ನೇರವಾಗಿ ಬಂದವರಿಗೆ ರೂಮು ಇಲ್ಲ. ಮೊದಲು ಫೋನು. ಎಷ್ಟು ಜನ, ಯಾವ ಊರು, ಯಾಕೆ ಬರುತ್ತಿದ್ದೀರಿ ಅಂತ ಮಾತಾಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೊದಲ ಪ್ರಶ್ನೆಯೇ "ಡ್ರಿಂಕ್ಸ್ ಸಿಗುತ್ತಾ?" ಅಂತ ಇದ್ದರೆ "ಆ ದಿನ ಖಾಲಿ ಇಲ್ಲ" ಎನ್ನುತ್ತೇನೆ. ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು ಅಪರಾಧ, ಒಂದು ಬಾಟಲಿ ತರಿಸಿಕೊಟ್ಟು ದುಡ್ಡು ತೆಗೆದುಕೊಂಡರೂ ಅಷ್ಟೇ. ಬಂದವರೆಲ್ಲರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ, ಒಬ್ಬರದ್ದು ಮಾತ್ರ ಅಲ್ಲ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನಿನಲ್ಲಿ ತುಂಬಬೇಕು. ಅದು ನನ್ನ ಕೆಲಸ. ಠಾಣೆಯ ನಂಬರ್, ಪಕ್ಕದ ಮನೆಯ ಅಣ್ಣನ ನಂಬರ್ ಅಡುಗೆಮನೆ ಗೋಡೆಯಲ್ಲಿ ದೊಡ್ಡದಾಗಿ ಬರೆದಿದೆ. ಅಮ್ಮನ ಕೋಣೆಗೆ ಒಳಗಿನಿಂದ ಗಟ್ಟಿ ಚಿಲಕ.

ಇದಕ್ಕಿಂತ ಮುಖ್ಯ: ಬಾತ್‌ರೂಮಿನ ಒಳಗೆ ಗ್ಯಾಸ್ ಗೀಸರ್ ಇಡಬೇಡಿ. ಚಳಿ ಅಂತ ಕಿಟಕಿ ಮುಚ್ಚಿ ಸ್ನಾನ ಮಾಡುತ್ತಾರೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಬಿದ್ದ ಮೇಲೆಯೇ ಗೊತ್ತಾಗುವುದು. ನಾವು ಹೊರಗೆ ಸೌದೆ ಒಲೆಯ ಹಂಡೆ ಇಟ್ಟಿದ್ದೇವೆ, ಪೈಪಿನಲ್ಲಿ ಬಿಸಿನೀರು ಒಳಗೆ ಬರುತ್ತದೆ.

ತೋಟದಲ್ಲಿ ಸಂಜೆ ಆರರ ಮೇಲೆ ಅತಿಥಿಗಳು ಓಡಾಡಬಾರದು. ನಿಮ್ಮ ಕಡೆ ಹೇಗೋ ಗೊತ್ತಿಲ್ಲ, ಸಿದ್ದಾಪುರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆನೆಗೆ ಹೋಮ್‌ಸ್ಟೇ ಬೇಲಿ ಅಂತ ಗೊತ್ತಾಗುವುದಿಲ್ಲ.

ಮಂಜಿನಮನೆ:

ನಮ್ಮ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದೆ. ನಾಳೆಯೇ ಆಚೆ ಹಾಕಿಸುತ್ತೇನೆ. ನನ್ನ ಮಗಳು ಅದರಲ್ಲೇ ಸ್ನಾನ ಮಾಡುತ್ತಾಳೆ.

ಲೆಕ್ಕ, ತೆರಿಗೆ ಬಗ್ಗೆ ಯಾರಾದರೂ ಹೇಳುತ್ತೀರಾ?

ಮೈಸೂರಿನ ಮಗಳು:

ನಾನೇ ಹೇಳುತ್ತೇನೆ, ಇದೇ ನನ್ನ ಉದ್ಯೋಗ. ಔಟ್‌ಹೌಸ್ ಸುಮ್ನೆ ಬಾಡಿಗೆಗೆ ಕೊಟ್ಟರೆ ಅದು ಮನೆ ಬಾಡಿಗೆ ಆದಾಯ. ಅದರಲ್ಲಿ ನೂರಕ್ಕೆ ಮೂವತ್ತು ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಲೆಕ್ಕ. ಊಟ, ಹಾಸಿಗೆ, ಸೇವೆ ಎಲ್ಲ ಕೊಟ್ಟು ನಡೆಸಿದರೆ ವ್ಯಾಪಾರದ ಆದಾಯ, ಅಕ್ಕಿಯಿಂದ ಸೋಪಿನವರೆಗೆ ಖರ್ಚಿನ ಬಿಲ್ಲು ಇಟ್ಟುಕೊಳ್ಳಿ. ವರ್ಷಕ್ಕೆ 20 ಲಕ್ಷದ ಒಳಗಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅದಕ್ಕಿಂತ ಮೇಲೆ ಹೋದರೆ, ರಾತ್ರಿಗೆ 7,500 ಮೀರದ ರೂಮಿಗೆ 2025ರ ಸೆಪ್ಟೆಂಬರಿನಿಂದ ಶೇಕಡ 5. ಊಟ ಕೊಡುತ್ತೀರಿ, ಆದ್ದರಿಂದ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಚಿಕ್ಕ ವ್ಯಾಪಾರಕ್ಕೆ ಅದರ ಶುಲ್ಕ ಕಡಿಮೆಯೇ. ಆನ್‌ಲೈನ್ ಬುಕ್ಕಿಂಗಿಗೆ ಸೇರುವ ಮೊದಲು ಕಮಿಷನ್ ಎಷ್ಟು ಅಂತ ಕೇಳಿ, ಅದನ್ನು ಕಳೆದು ಏನು ಉಳಿಯುತ್ತದೆ ನೋಡಿ ರೇಟು ಇಡಿ.

ಅಕೌಂಟ್ ನಿಮ್ಮ ಹೆಸರಲ್ಲಿ, ಯುಪಿಐ ನಿಮ್ಮ ನಂಬರಿಗೆ. ಎರಡು ವರ್ಷ ಅದರಲ್ಲಿ ದುಡ್ಡು ಓಡಾಡಿ, ರಿಟರ್ನ್ಸ್ ತುಂಬಿದ್ದರೆ "ನಿಮ್ಮ ಹೆಸರಲ್ಲಿ ಏನಿದೆ?" ಅಂದ ಬ್ಯಾಂಕಿನವರ ಮುಂದೆ ಇಡಲು ನಿಮ್ಮ ಹತ್ತಿರ ಕಾಗದ ಇರುತ್ತದೆ. ಮುದ್ರಾ ಸಾಲವನ್ನು ಆಗ ಕೇಳಿ.

ಮಕ್ಕಂದೂರು:

ಮಳೆಗಾಲಕ್ಕೆ ಒಂದು ಮಂಚಕ್ಕೆ ಮೂರು ಜೊತೆ ಬೆಡ್‌ಶೀಟು ಬೇಕು. ಜೂನಿನಿಂದ ಆಗಸ್ಟಿನವರೆಗೆ ಒಣಗುವುದೇ ಇಲ್ಲ. ನಾನು ಹೊಗೆಯಟ್ಟದ ಹತ್ತಿರ ಹಗ್ಗ ಕಟ್ಟಿ ಒಣಗಿಸಿದೆ, ಅತಿಥಿಗಳು ಹೊಗೆ ವಾಸನೆ ಅಂದರು. ಕೊನೆಗೆ ಬಿಸಿನೀರಿನ ಒಲೆ ಇರುವ ಕೋಣೆಯಲ್ಲೇ ಗಳ ಕಟ್ಟಿದೆ. ಅಲ್ಲಿ ಒಂದೇ ರಾತ್ರಿಗೆ ಒಣಗುತ್ತದೆ. ಬಿಳಿ ಬೇಡ. ಜಿಗಣೆ ಕಚ್ಚಿದ ಕಾಲಿನಲ್ಲಿ ಮಲಗಿಬಿಡುತ್ತಾರೆ, ರಕ್ತದ ಕಲೆ ಹೋಗುವುದಿಲ್ಲ.

ಮಂಜಿನಮನೆ:

ಹತ್ತು ದಿನ ಆಯಿತು. ಏನಾಯಿತು ಅಂತ ನಿಮಗೆಲ್ಲ ಹೇಳಬೇಕು.

ವಕೀಲೆ ಮೇಡಂ ಬರೆದ ಲೆಕ್ಕವನ್ನು ಕಾಗದದಲ್ಲಿ ಬರೆದು ಅತ್ತೆಗೆ ಓದಿ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ನನಗೆ ಇಷ್ಟು ಇದೆಯಾ?" ಅಂತ ಕೇಳಿದರು. ಎಪ್ಪತ್ತೊಂದು ವರ್ಷಕ್ಕೆ ಮೊದಲ ಸಲ ಗೊತ್ತಾಗಿದ್ದು ಅವರಿಗೆ. ನಾನು ನನ್ನ ಚಿಂತೆಯಲ್ಲೇ ಇದ್ದೆ. ಅವರಿಗೆ ಪಾಲಿದೆ ಅಂತ ನನಗೂ ಹೊಳೆದಿರಲಿಲ್ಲ.

ನಾದಿನಿ ವಿಷಯ ಇನ್ನೂ ಕಷ್ಟ ಇತ್ತು. ಅವಳಿಗೆ ಹೇಳದೇ ಇದ್ದರೆ ಸುಲಭ ಅಂತ ಒಂದು ರಾತ್ರಿ ಅನ್ನಿಸಿದ್ದು ನಿಜ. ಕಾಳುಮೆಣಸು ಅವರು ಬರೆದದ್ದು ನೆನಪಾಯಿತು, ಕಾಗದದಲ್ಲಿ ಹೆಸರು ಹುಡುಕಿದರೂ ಇಲ್ಲ ಅಂತ. ನನಗೆ ಆದದ್ದನ್ನು ನಾನೇ ಅವಳಿಗೆ ಮಾಡಲು ಹೊರಟಿದ್ದೆ. ಬೆಳಗ್ಗೆ ಫೋನ್ ಮಾಡಿದೆ. ಅವಳು ಭಾನುವಾರ ಸುಳ್ಯದಿಂದ ಬಸ್ಸು ಹತ್ತಿ ಬಂದಳು. ಮೈದುನನೂ ಬಂದ. ಊಟ ಆದ ಮೇಲೆ ಎಲ್ಲರೂ ಅಂಗಳದಲ್ಲಿ ಕುಳಿತೆವು.

ಜಗಳ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೈದುನ "ಅಣ್ಣ ಇದ್ದಿದ್ದರೆ ಇದೆಲ್ಲ ಬರುತ್ತಿರಲಿಲ್ಲ" ಅಂದ. ನಾದಿನಿ "ಅಣ್ಣ ಇದ್ದಾಗಲೇ ಇದನ್ನು ಮಾಡಬೇಕಿತ್ತು" ಅಂದಳು. ಆಮೇಲೆ ಅತ್ತೆ ಮಾತಾಡಿದರು. ನಾನು ಇರುವವರೆಗೆ ಈ ಮನೆಯ ಬೀಗದ ಕೈ ಹೊರಗಿನವರ ಕೈಗೆ ಹೋಗಬಾರದು ಅಂದರು. ಅವರ ಪಾಲು ನನಗೂ ಮೊಮ್ಮಗಳಿಗೂ ಅಂತಲೂ ಅಂದರು. ನಾದಿನಿಗೆ ಕೆಳಗಿನ ಅರ್ಧ ಎಕರೆ ಮೇಲಿನ ಪಾಲಿಗಿಂತ ಇಷ್ಟ, ಅಲ್ಲಿ ಅವಳು ಚಿಕ್ಕವಳಿದ್ದಾಗ ನೆಟ್ಟ ಕಿತ್ತಳೆ ಗಿಡ ಇದೆ. ಅಳತೆ ಹೆಚ್ಚು ಕಡಿಮೆ ಇನ್ನೂ ಮಾತಾಡಬೇಕು. ಮೈದುನ ಪೂರ್ತಿ ಒಪ್ಪಿಲ್ಲ, ಆದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಸಹಿ ಹಾಕುತ್ತೇನೆ ಅಂದಿದ್ದಾನೆ.

ಬೆಂಗಳೂರಿನವರಿಗೆ ನಾನೇ ಫೋನ್ ಮಾಡಿ ಇಲ್ಲ ಅಂದೆ. 50,000 ಕೊಡುತ್ತೇವೆ ಅಂದರು. ಆಗಲೂ ಇಲ್ಲ ಅಂದೆ.

ಔಟ್‌ಹೌಸಿಗೆ ಒಬ್ಬ ನರ್ಸ್ ಹುಡುಗಿ ಬಂದು ನೋಡಿ ಹೋಗಿದ್ದಾಳೆ, ಹಾಸನದವಳು. ಒಂದನೇ ತಾರೀಕಿಗೆ ಬರುತ್ತಾಳೆ. ಮೇಲಿನ ಎರಡು ರೂಮನ್ನು ಕಾಗದ ಆದ ಮೇಲೆ ತೆಗೆಯುತ್ತೇನೆ, ಅವಸರ ಇಲ್ಲ.

ವಿರಾಜಪೇಟೆ ವಕೀಲೆ:

ತುಂಬಾ ಖುಷಿ ಆಯಿತು. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕುವಾಗ ನಾದಿನಿ ಹೆಸರು, ನಿಮ್ಮ ಮಗಳ ಹೆಸರು ಎರಡೂ ಇದೆಯಾ ನೋಡಿ. ಮಾವನದ್ದು, ಯಜಮಾನರದ್ದು ಎರಡೂ ಮರಣ ಪ್ರಮಾಣಪತ್ರ ಇಟ್ಟುಕೊಳ್ಳಿ. ಅತ್ತೆ ಪಾಲು ಕೊಡುವ ಮಾತನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಪೌತಿ ಖಾತೆ ಆದ ತಕ್ಷಣ ದಾನಪತ್ರ ನೋಂದಣಿ ಆಗಲಿ. ಆದರೆ ಅವರು ಬದುಕಿರುವವರೆಗೆ ಆ ಮನೆಯಲ್ಲಿ ಇರುವ ಹಕ್ಕು ಅವರಿಗೆ ಇದೆ ಅಂತ ಅದರಲ್ಲೇ ಬರೆಸಿ. ಅವರು ಕೇಳದಿದ್ದರೂ ನೀವೇ ಬರೆಸಿ.

ಮಂಜಿನಮನೆ:

ಬರೆಸುತ್ತೇನೆ ಮೇಡಂ. ಸೋಮವಾರ ನಾಡಕಚೇರಿಗೆ ಹೋಗುತ್ತಿದ್ದೇವೆ. ಅತ್ತೆಯೂ ಬರುತ್ತಾರೆ. ನೀವು ಮನೆಯಲ್ಲಿರಿ, ಸಹಿ ಬೇಕಾದಾಗ ಕರೆಯುತ್ತೇನೆ ಅಂದೆ. ಕೇಳಲಿಲ್ಲ. ಸೀರೆ ಈಗಲೇ ತೆಗೆದಿಟ್ಟಿದ್ದಾರೆ.

ಕಿತ್ತಳೆತೋಟ:

ಬೇಗ ಹೋಗಿ ತಂಗಿ, ಹನ್ನೊಂದರ ಮೇಲೆ ಸರ್ವರ್ ಡೌನ್ ಎನ್ನುತ್ತಾರೆ. ಕೊಡೆ ಮರೆಯಬೇಡಿ.